ಸಹಾಯಾರ್ಥ ರೈಡ್: ಹೊಣೆ ಹೊರುವವರು ಯಾರು?

ಪ್ರತಿ ವರ್ಷ ಮೇ ತಿಂಗಳ ಒಂದು ಭಾನುವಾರ ಜಗತ್ತಿನ ನೂರಾರು ಊರುಗಳಲ್ಲಿ ಸೂಟು, ಟೈ ತೊಟ್ಟ ಜನ ಹಳೆಯ ಕಾಲದ ಚೆಲುವಿನ ಬೈಕುಗಳನ್ನೇರಿ ಒಟ್ಟಾಗಿ ಹೊರಡುತ್ತಾರೆ. ಬೆಂಗಳೂರಿನಲ್ಲೂ ಹೊರಡುತ್ತಾರೆ. ಇದರ ಹೆಸರು ‘ಡಿಸ್ಟಿಂಗ್ವಿಶ್ಡ್ ಜಂಟಲ್‌ಮನ್ಸ್ ರೈಡ್’. 2012ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮಾರ್ಕ್ ಹವ್ವಾ ಎಂಬವರು ಇದನ್ನು ಶುರು ಮಾಡಿದರು. ‘ಮ್ಯಾಡ್ ಮೆನ್’ ಎಂಬ ಅಮೆರಿಕದ ಧಾರಾವಾಹಿಯ ನಾಯಕ ಸೂಟು ತೊಟ್ಟು ಹಳೆಯ ಬೈಕಿನ ಮೇಲೆ ಕೂತಿದ್ದ ಚಿತ್ರವೇ ಅವರಿಗೆ ಪ್ರೇರಣೆ. ಬೈಕ್ ಓಡಿಸುವವರೆಂದರೆ ಪುಂಡರು ಎಂಬ ಅಪವಾದವನ್ನು ತೊಡೆಯುವುದು ಮೊದಲ ಉದ್ದೇಶವಾಗಿತ್ತು. ಆ ವರ್ಷ 64 ನಗರಗಳಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಸವಾರರು ಸೇರಿದ್ದನ್ನು ಕಂಡ ಮೇಲೆ ಇಷ್ಟು ಜನರ ಉತ್ಸಾಹವನ್ನು ಒಳ್ಳೆಯ ಕೆಲಸಕ್ಕೆ ತಿರುಗಿಸಬೇಕೆಂಬ ಯೋಚನೆ ಬಲಿಯಿತು. ಈಗ ಈ ರೈಡ್ ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆಗೆ ಮತ್ತು ಗಂಡಸರ ಮಾನಸಿಕ ಆರೋಗ್ಯಕ್ಕೆಂದು ಹಣ ಕೂಡಿಸುತ್ತದೆ. ಹಣ ಹೋಗುವುದು 2003ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದ ‘ಮೊವೆಂಬರ್’ ಸಂಸ್ಥೆಗೆ. ಆಯಾ ಊರಿನ ರೈಡನ್ನು ನಡೆಸಿಕೊಡುವವರು ಅಲ್ಲಿನವರೇ ಆದ ಸ್ವಯಂಸೇವಕರು.

ಇಂಥ ರೈಡುಗಳ ಬಗ್ಗೆ ಒಂದು ಪ್ರಶ್ನೆ ಸದಾ ಏಳುತ್ತದೆ. ದಾನ ಮಾಡುವುದಿದ್ದರೆ ಸುಮ್ಮನೆ ಮಾಡಬಹುದಲ್ಲ? ಪೆಟ್ರೋಲ್ ಸುಟ್ಟು, ಸದ್ದು ಮಾಡಿ, ರಸ್ತೆ ತುಂಬಿಸಿ ಯಾಕೆ ಮಾಡಬೇಕು? ಬೈಕ್ ಪ್ರಿಯರು ಈ ಪ್ರಶ್ನೆಗೆ ಸಿಡುಕುತ್ತಾರೆ. ಸಿಡುಕಬೇಕಾದ್ದಿಲ್ಲ, ಪ್ರಶ್ನೆ ನ್ಯಾಯವಾಗಿಯೇ ಇದೆ. ಅದಕ್ಕೆ ಸರಿಯಾದ ಉತ್ತರ ಇದೆ ಎಂದೂ, ಆ ಉತ್ತರವನ್ನು ಕೊಡಬಲ್ಲವರು ಬೈಕಿನ ಮೇಲೆ ಕೂತವರಿಗಿಂತ ಹೆಚ್ಚಾಗಿ ಆ ದಿನ ಬೈಕ್ ಓಡಿಸದೆ ನಿಂತು ದುಡಿಯುವ ಸ್ವಯಂಸೇವಕರೆಂದೂ ನಾನು ನಂಬುತ್ತೇನೆ.

ಬ್ರಿಟನ್ನಿನ ‘ಬ್ಲಡ್ ಬೈಕ್’ ಸೇವೆಯನ್ನು ಪಕ್ಕದಲ್ಲಿಟ್ಟು ನೋಡೋಣ. ಅಲ್ಲಿ 1960ರ ದಶಕದಿಂದಲೂ ಸ್ವಯಂಸೇವಕ ಸವಾರರು ರಾತ್ರಿ ಹೊತ್ತು, ರಜೆಯ ದಿನಗಳಲ್ಲಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರಕ್ತ, ಪರೀಕ್ಷೆಯ ಮಾದರಿ, ತಾಯಿಹಾಲು ಮುಟ್ಟಿಸುತ್ತಾ ಬಂದಿದ್ದಾರೆ. ಬಿಡಿಗಾಸನ್ನೂ ಪಡೆಯುವುದಿಲ್ಲ. ಅಲ್ಲಿ ಸವಾರಿಯೇ ಸೇವೆ. ಬೈಕ್ ಹೋಗದಿದ್ದರೆ ರಕ್ತ ತಲುಪುವುದಿಲ್ಲ. ಸಹಾಯಾರ್ಥ ರೈಡಿನ ಸಂಗತಿ ಹಾಗಲ್ಲ. ನೂರು ಜನ ಬೆಂಗಳೂರಿನಿಂದ ನಂದಿಬೆಟ್ಟದ ಬುಡದವರೆಗೆ ಹೋಗಿ ಬಂದರೆ ಯಾವ ರೋಗಿಗೂ ಅದರಿಂದ ನೇರವಾಗಿ ಏನೂ ಸಿಗುವುದಿಲ್ಲ. ಆದ್ದರಿಂದ ಸವಾರಿಯನ್ನು ಸೇವೆಯಾಗಿಸುವ ಕೆಲಸ ಬೇರೆಯೇ ಇದೆ. ಅದನ್ನು ಯಾರಾದರೂ ಬೇಕೆಂದೇ ಮಾಡಬೇಕು.

ಲೆಕ್ಕದಿಂದಲೇ ಶುರು ಮಾಡಬಹುದು. ನೂರು ಬೈಕು, ತಲಾ ನೂರು ಕಿಲೋಮೀಟರು, ಲೀಟರಿಗೆ ಮೂವತ್ತೈದು ಕಿಲೋಮೀಟರು, ಪೆಟ್ರೋಲಿಗೆ ನೂರು ರೂಪಾಯಿ ಎಂದು ಹಿಡಿದರೂ ಸುಮಾರು 28,500 ರೂಪಾಯಿ ಹೊಗೆಯಾಗಿ ಹೋಗುತ್ತದೆ. ತಲಾ 500 ರೂಪಾಯಿ ನೋಂದಣಿ ಶುಲ್ಕ ಪಡೆದು, ಅದರಲ್ಲಿ ಟೀಶರ್ಟು, ಮೆಡಲ್ಲು, ಬ್ಯಾನರು, ಮೈಕು, ತಿಂಡಿ ಎಲ್ಲ ತೂಗಿಸಿ, ಕೊನೆಗೆ ಉಳಿದ ಐದಾರು ಸಾವಿರವನ್ನು ದೊಡ್ಡ ರಟ್ಟಿನ ಚೆಕ್ಕಿನ ಮೇಲೆ ಬರೆದು ಫೋಟೊ ತೆಗೆಸಿಕೊಂಡರೆ ಅದನ್ನು ಪಿಕ್‌ನಿಕ್ ಎನ್ನಬೇಕು. ಪಿಕ್‌ನಿಕ್ ಹೋಗುವುದರಲ್ಲಿ ತಪ್ಪಿಲ್ಲ. ಅದಕ್ಕೆ ರೋಗಿಯ ಹೆಸರನ್ನೋ ಅನಾಥ ಮಗುವಿನ ಹೆಸರನ್ನೋ ಬಳಸಿಕೊಳ್ಳುವುದು ತಪ್ಪು.

ಹಾಗಾದರೆ ರೈಡಿಗೆ ಸಮರ್ಥನೆ ಎಲ್ಲಿಂದ ಬರುತ್ತದೆ? ಮೇಲೆ ಹೇಳಿದ ಸೂಟುಬೂಟಿನ ರೈಡಿನ ಕ್ರಮದಲ್ಲಿ ಒಂದು ಜಾಣ್ಮೆ ಇದೆ. ಅದರಲ್ಲಿ ನೋಂದಣಿಗೆ ಶುಲ್ಕವಿಲ್ಲ. ಪ್ರತಿಯೊಬ್ಬ ಸವಾರನೂ ತನ್ನ ಗೆಳೆಯರನ್ನು, ನೆಂಟರನ್ನು, ಆಫೀಸಿನವರನ್ನು ಕೇಳಿ ದೇಣಿಗೆ ಕೂಡಿಸಬೇಕೆಂಬುದು ಅದರ ಆಶಯ. ಕೇಳಬೇಕಾದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಪ್ರಾಸ್ಟೇಟ್ ಗ್ರಂಥಿ ಎಂದರೇನು, ವಯಸ್ಸು ಐವತ್ತು ದಾಟಿದವರು ಪಿಎಸ್‌ಎ ರಕ್ತಪರೀಕ್ಷೆಯ ಬಗ್ಗೆ ವೈದ್ಯರ ಬಳಿ ಯಾಕೆ ವಿಚಾರಿಸಬೇಕು, ಶುರುವಿನಲ್ಲಿ ಯಾವ ಲಕ್ಷಣವೂ ಕಾಣದೆ ಈ ಕ್ಯಾನ್ಸರ್ ಹೇಗೆ ಬೆಳೆಯಬಲ್ಲದು ಎಂಬ ಮಾತು ಅಲ್ಲಿ ಬಂದೇ ಬರುತ್ತದೆ. ಮೂತ್ರದ ತೊಂದರೆಯನ್ನು ಹೆಂಡತಿಯ ಬಳಿಯೂ ಹೇಳದ ಗಂಡಸು ಕಾರ್ಬುರೇಟರ್ ಬಗ್ಗೆ ಮಾತಾಡುತ್ತಾ ನಿಂತಾಗ ಅದನ್ನು ಬಾಯಿಬಿಟ್ಟಾನು. ಆರೋಗ್ಯ ಶಿಬಿರದ ಪೆಂಡಾಲಿನ ಕಡೆ ತಲೆಹಾಕದವನು ಬೈಕುಗಳು ಸಾಲಾಗಿ ನಿಂತ ಮೈದಾನಕ್ಕೆ ತಾನಾಗಿಯೇ ಬರುತ್ತಾನೆ.

ಗಂಡಸರು ಹೀಗೆ ಮನಸ್ಸಿನ ನೋವನ್ನೂ ಬಾಯಿಬಿಡುವ ಅಗತ್ಯ ಎಷ್ಟಿದೆ ಎಂಬುದಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಅಂಕಿ ನೋಡಬೇಕು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಜನರಲ್ಲಿ 1,22,724 ಮಂದಿ ಗಂಡಸರು. ಹತ್ತರಲ್ಲಿ ಏಳು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯನ್ನು ಆರಂಭಿಸಿತು. ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. 14416ಕ್ಕೆ ಯಾರು ಬೇಕಾದರೂ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಆ ನಂಬರನ್ನು ನೂರು ಜನ ಗಂಡಸರ ಫೋನಿಗೆ ಸೇರಿಸಿ ಕಳಿಸುವ ರೈಡು ಪೆಟ್ರೋಲಿನ ಖರ್ಚಿಗೆ ಸಮಾಧಾನ ಹೇಳಬಲ್ಲದು.

ಆದರೆ ಈ ಸಮರ್ಥನೆ ನಿಲ್ಲಬೇಕಾದರೆ ನಾಲ್ಕು ಮಾತು ನಿಜವಾಗಬೇಕು. ಯಾರಿಗೂ ಪೆಟ್ಟಾಗಬಾರದು. ರಸ್ತೆಯಲ್ಲಿ ಹೋಗುವ ಇತರರಿಗೆ ತೊಂದರೆಯಾಗಬಾರದು. ಹಣ ಮುಟ್ಟಬೇಕಾದವರಿಗೆ ಮುಟ್ಟಬೇಕು. ಮುಟ್ಟಿದ್ದು ಎಲ್ಲರಿಗೂ ಕಾಣಬೇಕು. ಈ ನಾಲ್ಕರಲ್ಲಿ ಯಾವುದೂ ಸವಾರನೊಬ್ಬನ ಕೈಯಲ್ಲಿಲ್ಲ. ನಮ್ಮ ಊರುಗಳ ತೇರನ್ನು ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಹಗ್ಗ ಹಿಡಿದು ಎಳೆಯುವವರು ಸಾವಿರ ಜನ. ಚಕ್ರದ ಪಕ್ಕದಲ್ಲೇ ಬಾಗಿ ನಡೆಯುತ್ತಾ, ಹೊತ್ತು ನೋಡಿ ಅದರಡಿಗೆ ಮರದ ತುಂಡು ಕೊಟ್ಟು ತೇರಿನ ದಿಕ್ಕನ್ನೂ ವೇಗವನ್ನೂ ಹಿಡಿತದಲ್ಲಿಡುವವರು ನಾಲ್ಕೇ ನಾಲ್ಕು ಜನ. ಎಳೆಯುವವರ ಭಕ್ತಿ ಎಷ್ಟೇ ಇರಲಿ, ಆ ನಾಲ್ವರು ಕೈಬಿಟ್ಟರೆ ತೇರು ಜನರ ಮೇಲೆ ಹೋಗುತ್ತದೆ.

ರೈಡಿನಲ್ಲಿ ಈ ಕೆಲಸ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮುಂದೆ ಲೀಡ್ ಬೈಕ್, ಕೊನೆಯಲ್ಲಿ ಸ್ವೀಪ್ ಬೈಕ್. ಲೀಡನ್ನು ಯಾರೂ ಹಿಂದಿಕ್ಕುವಂತಿಲ್ಲ, ಸ್ವೀಪಿಗಿಂತ ಯಾರೂ ಹಿಂದುಳಿಯುವಂತಿಲ್ಲ. ನಡುವೆ ಸಾಲಿನ ಕ್ರಮ: ಒಬ್ಬರು ಲೇನಿನ ಬಲಭಾಗದಲ್ಲಿ, ಅವರ ಹಿಂದಿನವರು ಎಡಭಾಗದಲ್ಲಿ, ಮತ್ತೆ ಬಲ, ಮತ್ತೆ ಎಡ. ನೇರ ಮುಂದಿರುವ ಬೈಕಿಗೂ ತನಗೂ ಕನಿಷ್ಠ ಎರಡು ಸೆಕೆಂಡಿನ ಅಂತರ. ಹೀಗಿದ್ದರೆ ಮುಂದಿನವನು ಥಟ್ಟನೆ ಬ್ರೇಕ್ ಹಾಕಿದರೂ ಹಿಂದಿನವನಿಗೆ ಜಾಗ ಸಿಗುತ್ತದೆ. ತಿರುವು ಬಂದಾಗ ಏನಾಗುತ್ತದೆ? ಸಿಗ್ನಲ್ಲಿನಲ್ಲಿ ಸಾಲು ತುಂಡಾಗಿರುತ್ತದೆ. ಮುಂದಿನವರು ಎಡಕ್ಕೆ ಹೋದದ್ದು ಹಿಂದಿನ ನಲವತ್ತು ಜನಕ್ಕೆ ಕಂಡಿರುವುದಿಲ್ಲ. ಅದಕ್ಕೇ ಪ್ರತಿ ತಿರುವಿನಲ್ಲೂ ಒಬ್ಬರು ಬೈಕ್ ಬದಿಗೆ ಹಾಕಿ, ಹೊಳೆಯುವ ಜಾಕೆಟ್ ತೊಟ್ಟು, ಕೈಚಾಚಿ ದಾರಿ ತೋರಿಸುತ್ತಾ ಸ್ವೀಪ್ ಬರುವವರೆಗೂ ಕದಲದೆ ನಿಲ್ಲುತ್ತಾರೆ. ದಾರಿ ತಪ್ಪುವ ಹೆದರಿಕೆ ಇಲ್ಲದವನು ಮುಂದಿನವರನ್ನು ಹಿಡಿಯಲು ಜೋರಾಗಿ ಓಡಿಸುವುದಿಲ್ಲ, ಸಿಗ್ನಲ್ ಹಾರಿಸುವುದಿಲ್ಲ. ಗುಂಪಿನಲ್ಲಿ ಹೋಗುವಾಗ ದೊಡ್ಡ ಅಪಾಯ ಬರುವುದು ಹಿಂದೆ ಬಿದ್ದವನ ಆತುರದಿಂದ. ಆ ಆತುರವನ್ನು ಕೊಲ್ಲುವವನು ತಿರುವಿನಲ್ಲಿ ನಿಂತ ಸ್ವಯಂಸೇವಕ.

ಇದಕ್ಕೂ ಮೊದಲಿನ ಕೆಲಸಗಳು ಇನ್ನೂ ಹೆಚ್ಚು. ಹದಿನೈದು ದಿನ ಮುಂಚೆ ದಾರಿಯನ್ನು ಅದೇ ಹೊತ್ತಿನಲ್ಲಿ ಓಡಿಸಿ ನೋಡಬೇಕು. ಎಲ್ಲಿ ಹೊಸದಾಗಿ ಅಗೆದಿದ್ದಾರೆ, ಯಾವ ರಸ್ತೆ ಉಬ್ಬಿಗೆ ಬಣ್ಣ ಬಳಿದಿಲ್ಲ, ಯಾವ ಊರಿನಲ್ಲಿ ಭಾನುವಾರ ಸಂತೆ ಎಂದು ಬರೆದುಕೊಳ್ಳಬೇಕು. ದೊಡ್ಡ ಹಿಂಡನ್ನು ಹತ್ತು ಹನ್ನೆರಡು ಬೈಕುಗಳ ತಂಡಗಳಾಗಿ ಒಡೆದು ಐದೈದು ನಿಮಿಷದ ಅಂತರದಲ್ಲಿ ಬಿಡಬೇಕು. ನಡುವೆ ಕಾರು, ಬಸ್ಸು ನುಸುಳಲು ಎಡೆ ಇರಬೇಕು. ದಾರಿಯಲ್ಲಿರುವ ಆಸ್ಪತ್ರೆಗಳ ಪಟ್ಟಿ, ಪ್ರತಿ ಸವಾರನ ರಕ್ತದ ಗುಂಪು, ಮನೆಯವರ ನಂಬರು ಕೈಯಲ್ಲಿರಬೇಕು. ಹೊರಡುವ ಮುನ್ನದ ಬ್ರೀಫಿಂಗ್ ಹೊತ್ತಿನಲ್ಲಿ ಒಬ್ಬೊಬ್ಬರ ಹೆಲ್ಮೆಟ್ಟಿನ ಪಟ್ಟಿಗೆ ಕೈಹಾಕಿ ನೋಡುವ ತಾಳ್ಮೆ ಬೇಕು. ಐಎಸ್‌ಐ ಗುರುತಿಲ್ಲದ ಟೋಪಿಯಂಥ ಹೆಲ್ಮೆಟ್ ತಂದವರನ್ನು, ಅವರು ಎಷ್ಟು ದೊಡ್ಡ ದೇಣಿಗೆ ಕೊಟ್ಟವರಾದರೂ ಸರಿ, ನಮಸ್ಕಾರ ಹೇಳಿ ವಾಪಸು ಕಳಿಸುವ ಗಟ್ಟಿತನ ಬೇಕು.

ಇದು ಅತಿಯಾದ ಎಚ್ಚರಿಕೆ ಅನ್ನುವವರಿಗೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯೇ ಉತ್ತರ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಹಾಕದೆ ಸತ್ತವರ ಸಂಖ್ಯೆಯೇ 50,029. ಪರರ ಪ್ರಾಣಕ್ಕೆಂದು ಹೊರಟ ರೈಡಿನಲ್ಲಿ ಒಂದು ಪ್ರಾಣ ಹೋದರೆ, ಕೂಡಿಸಿದ ಯಾವ ಮೊತ್ತವೂ ಅದಕ್ಕೆ ಸಮವಲ್ಲ. ಅಪಘಾತವಾದಾಗ, ಸಾಲಿನ ಹಿಂದೆ ಬರುವ ಬ್ಯಾಕಪ್ ವಾಹನದಲ್ಲಿರುವ ಸ್ವಯಂಸೇವಕನಿಗೆ 108ಕ್ಕೆ ಯಾವ ಗುರುತು ಹೇಳಬೇಕು, ಬಿದ್ದವನ ಹೆಲ್ಮೆಟ್ಟನ್ನು ಯಾಕೆ ಅವಸರದಲ್ಲಿ ಎಳೆಯಬಾರದು, ರಕ್ತ ಸುರಿಯುವಲ್ಲಿ ಹೇಗೆ ಒತ್ತಿ ಹಿಡಿಯಬೇಕು ಎಂಬುದು ತಿಳಿದಿರಬೇಕು. ಗಾಯಾಳುವಿಗೆ ನೆರವಾದವರನ್ನು ಕೇಸಿನಲ್ಲಿ ಸಿಕ್ಕಿಸುವಂತಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಈ ಕುರಿತ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿ ಈ ರಕ್ಷಣೆಯನ್ನು ಮೋಟಾರು ವಾಹನ ಕಾಯ್ದೆಗೇ ಸೇರಿಸಿತು. ಇದನ್ನು ಬ್ರೀಫಿಂಗ್‌ನಲ್ಲಿ ಹೇಳುವುದೂ ಸಂಘಟಕರ ಕೆಲಸ.

ಎರಡನೆಯ ಶರತ್ತು ರಸ್ತೆಯ ಇತರರದು. ಹೊಳೆಯುವ ಜಾಕೆಟ್ ಮೈಮೇಲೆ ಬಿದ್ದೊಡನೆ ಕೆಲವರಿಗೆ ಅಧಿಕಾರ ಬಂದಂತಾಗುತ್ತದೆ. ವೃತ್ತದ ನಡುವೆ ಬೈಕ್ ಅಡ್ಡ ನಿಲ್ಲಿಸಿ, ಬಸ್ಸು ಆಟೊಗಳನ್ನು ತಡೆದು, ತಮ್ಮ ಸಾಲನ್ನು ಬಿಡಿಸುವುದೇ ಸ್ವಯಂಸೇವಕನ ಕೆಲಸ ಎಂದುಕೊಂಡಿರುತ್ತಾರೆ. ವಾಹನ ತಡೆಯುವ ಅಧಿಕಾರ ಇರುವುದು ಪೊಲೀಸರಿಗೆ. ಅವರ ಅನುಮತಿ, ಅವರ ಸಿಬ್ಬಂದಿ ಇಲ್ಲದೆ ಯಾವ ಕ್ಲಬ್ಬೂ ಯಾರನ್ನೂ ನಿಲ್ಲಿಸುವಂತಿಲ್ಲ. ತಡೆದ ಬಸ್ಸಿನಲ್ಲಿ ಕಿದ್ವಾಯಿ ಆಸ್ಪತ್ರೆಗೆ ರೇಡಿಯೇಶನ್‌ಗೆಂದು ಹೊರಟ ರೋಗಿಯೇ ಇರಬಹುದು. ಕ್ಯಾನ್ಸರ್ ರೋಗಿಗಳಿಗಾಗಿ ರೈಡ್ ಎಂದು ಬ್ಯಾನರ್ ಕಟ್ಟಿಕೊಂಡು ಅಂಥವರನ್ನು ಬಿಸಿಲಲ್ಲಿ ಕಾಯಿಸುವುದು ಯಾವ ನ್ಯಾಯ? ಸಾಲು ತುಂಡಾದರೆ ಆಗಲಿ, ಮುಂದೆ ಒಂದು ಬಂಕಿನ ಬಳಿ ಕೂಡಿಕೊಂಡರಾಯಿತು. ಸೈಲೆನ್ಸರ್ ಮಾರ್ಪಡಿಸಿದ ಬೈಕನ್ನು ಸಾಲಿಗೆ ಸೇರಿಸದಿರುವುದು, ಆಸ್ಪತ್ರೆ ಮತ್ತು ಮನೆಗಳ ಬೀದಿಯಲ್ಲಿ ಬೆಳಗಿನ ಜಾವ ಹಾರ್ನ್ ಹೊಡೆಯಗೊಡದಿರುವುದು ಕೂಡ ಇದೇ ಶರತ್ತಿಗೆ ಸೇರುತ್ತದೆ. ಬೈಕ್ ಸವಾರರ ಮೇಲಿನ ಅಪವಾದ ಅಳಿಯುವುದು ಸೂಟು ತೊಡುವುದರಿಂದಲ್ಲ, ಹೀಗೆ ನಡೆದುಕೊಳ್ಳುವುದರಿಂದ.

ಮೂರನೆಯದು, ನಾಲ್ಕನೆಯದು ಹಣದ ಮಾತು. ಖರ್ಚನ್ನು ಪ್ರಾಯೋಜಕರಿಂದಲೋ ಸವಾರರ ಶುಲ್ಕದಿಂದಲೋ ತೂಗಿಸಿ, ದೇಣಿಗೆಯನ್ನು ಮುಟ್ಟದೆ ಬೇರೆಯಾಗಿ ಇಡಬೇಕು. ಸಾಧ್ಯವಾದರೆ ದೇಣಿಗೆ ಸಂಘಟಕರ ಖಾತೆಗೆ ಬರಲೇಬಾರದು, ಫಲಾನುಭವಿ ಸಂಸ್ಥೆಯ ಖಾತೆಗೇ ನೇರವಾಗಿ ಹೋಗಬೇಕು. 80ಜಿ ಎಂದು ಜನ ಕರೆಯುವ ತೆರಿಗೆ ವಿನಾಯಿತಿ ಆ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಸಿಗುತ್ತದೆಯೇ ಎಂದು ಮೊದಲೇ ನೋಡಬೇಕು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಸಿಗುವುದಿಲ್ಲ ಎಂಬುದನ್ನೂ ಕೊಡುವವರಿಗೆ ತಿಳಿಸಬೇಕು. ಹುಂಡಿ ಇಟ್ಟಿದ್ದರೆ ಇಬ್ಬರ ಎದುರು ಒಡೆದು ಎಣಿಸಿ, ಇಬ್ಬರೂ ಸಹಿ ಹಾಕಬೇಕು. ಇದು ಅಪನಂಬಿಕೆಯ ಮಾತಲ್ಲ. ಪ್ರಾಮಾಣಿಕರ ಮೇಲೆ ಸಂಶಯ ಬೀಳದಂತೆ ಕಾಯುವ ದಾರಿ.

ಕೊಡುವ ರೀತಿಗೂ ಸ್ವಯಂಸೇವಕರು ಜವಾಬ್ದಾರರು. ಎಷ್ಟೋ ರೈಡುಗಳು ಹಳ್ಳಿಯ ಸರ್ಕಾರಿ ಶಾಲೆಗೆ ಹೋಗಿ ನೋಟ್‌ಬುಕ್ ಹಂಚಿ ಬರುತ್ತವೆ. ಆ ಶಾಲೆಗೆ ನೋಟ್‌ಬುಕ್ ಕೊಟ್ಟವರು ಅದೇ ತಿಂಗಳಲ್ಲಿ ಇನ್ನಿಬ್ಬರು ಇರಬಹುದು. ಬೇಕಾಗಿದ್ದದ್ದು ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು, ಕುಡಿಯುವ ನೀರಿನ ಫಿಲ್ಟರಿಗೆ ಹೊಸ ಕ್ಯಾಂಡಲ್. ಮುಖ್ಯೋಪಾಧ್ಯಾಯರ ಬಳಿ ಹೋಗಿ ಕೂತು ‘ಏನು ಬೇಕು ಮೇಷ್ಟ್ರೇ?’ ಎಂದು ಕೇಳಿದ್ದರೆ ಗೊತ್ತಾಗುತ್ತಿತ್ತು. ರಜೆಯ ದಿನ ಮಕ್ಕಳನ್ನು ಕರೆಸಿ, ಸವಾರರು ತಡವಾಗಿ ಬರುವವರೆಗೆ ಸಾಲಾಗಿ ನಿಲ್ಲಿಸಿ, ಕೈಗೆ ಪುಸ್ತಕ ಇಡುವಾಗ ಮುಖ ಕ್ಯಾಮೆರಾದ ಕಡೆ ತಿರುಗಿಸುವುದು ಆ ಮಕ್ಕಳ ಮಾನ ಕಳೆಯುವ ಕೆಲಸ. ಬೇಡವೆನ್ನುವ ಧೈರ್ಯ ಸಂಘಟಕರಲ್ಲಿ ಒಬ್ಬರಿಗಾದರೂ ಇರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಎದುರು ಮಾತೊಂದನ್ನು ಕೇಳಿಸಿಕೊಳ್ಳಬೇಕು. ಸ್ವಯಂಸೇವೆ ಎಂದರೆ ಪುಕ್ಕಟೆ ದುಡಿಮೆ, ಪ್ರಾಯೋಜಕ ಕಂಪನಿಗೆ ಪ್ರಚಾರ, ದುಡಿದವರಿಗೆ ಒಂದು ಸರ್ಟಿಫಿಕೇಟ್ ಎನ್ನುತ್ತಾರೆ ಕೆಲವರು. ಎಷ್ಟೋ ಕಡೆ ಅದು ನಿಜ. ಬೆಳಗಿನ ನಾಲ್ಕಕ್ಕೆ ಬಂದವನಿಗೆ ಹತ್ತು ಗಂಟೆಯವರೆಗೆ ನೀರಿಲ್ಲ, ತಿಂಡಿ ಇಲ್ಲ, ಬದಲಿ ಬರುವವರಿಲ್ಲ. ತರಬೇತಿ ಪಡೆದ ಆಂಬುಲೆನ್ಸ್ ಸಿಬ್ಬಂದಿಗೆ ದುಡ್ಡು ಕೊಡಲು ಮನಸ್ಸಿಲ್ಲದೆ ಕಾಲೇಜು ಹುಡುಗರ ಕೈಗೆ ಪ್ರಥಮ ಚಿಕಿತ್ಸೆಯ ಡಬ್ಬಿ ಕೊಡುವುದೂ ಉಂಟು. ಇದನ್ನು ಒಪ್ಪಬಾರದು. ಪರಿಣತರ ಕೆಲಸಕ್ಕೆ ಕೂಲಿ ಕೊಡಲೇಬೇಕು. ಸ್ವಯಂಸೇವಕರಿಗೆ ಊಟ, ನೆರಳು, ಅಪಘಾತ ವಿಮೆ, ನಿಗದಿಯಾದ ಹೊತ್ತು ಇರಲೇಬೇಕು. ಹೆಣ್ಣುಮಕ್ಕಳನ್ನು ನೋಂದಣಿ ಮೇಜಿಗೂ ಹೂಗುಚ್ಛಕ್ಕೂ ಸೀಮಿತಗೊಳಿಸುವ ಚಾಳಿಯೂ ಹೋಗಬೇಕು. ‘ಬೈಕರ್ನಿ’ ಎಂಬ ಮಹಿಳಾ ಸವಾರರ ಸಂಘ 2011ರಲ್ಲೇ ಹುಟ್ಟಿದೆ. ಲೀಡ್ ಬೈಕನ್ನು ಹೆಣ್ಣುಮಕ್ಕಳಿಗೆ ಕೊಡಲು ಇನ್ನೂ ಯಾರ ಅಪ್ಪಣೆಗೆ ಕಾಯಬೇಕು? ಆದರೆ ಕೆಲವರು ದುರ್ಬಳಕೆ ಮಾಡಿಕೊಂಡರೆಂದು ಸ್ವಯಂಸೇವೆಯೇ ಬೇಡ ಎನ್ನಲಾಗದು. ಕೂಲಿಗೆ ಬಂದವರಿಗೆ ಹೆಲ್ಮೆಟ್ ಇಲ್ಲದ ದಾನಿಯನ್ನು ವಾಪಸು ಕಳಿಸುವುದು ಕಷ್ಟ. ಯಾರ ಹಂಗೂ ಇಲ್ಲದವರಿಗೆ ಅದು ಸುಲಭ. ಇಲ್ಲ ಎನ್ನುವ ಈ ಸ್ವಾತಂತ್ರ್ಯವೇ ಸ್ವಯಂಸೇವಕನ ಬಲ.

ಕರ್ನಾಟಕದ ಬೈಕ್ ಪ್ರಿಯರಲ್ಲಿ ಇದಕ್ಕೆ ಬೇಕಾದ ಮನಸ್ಸು ಮೊದಲಿನಿಂದಲೂ ಇದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಬಿಡಿಭಾಗ ಮಾಡುವ ಕಂಪನಿಯೇ ಇಲ್ಲದಿದ್ದ ಆಮೇಲಿನ ವರ್ಷಗಳಲ್ಲಿ ಜಾವಾ, ಯೆಜ್ಡಿಗಳು ರಸ್ತೆಯ ಮೇಲೆ ಉಳಿದದ್ದು ಒಬ್ಬರಿಗೊಬ್ಬರು ಒದಗಿದ್ದರಿಂದ. ಒಬ್ಬರ ಗುಜರಿಯಲ್ಲಿ ಸಿಕ್ಕ ಕ್ರ್ಯಾಂಕ್ ಇನ್ನೊಬ್ಬರ ಬೈಕಿಗೆ ಹೋಯಿತು. ದಾರಿಯಲ್ಲಿ ನಿಂತ ಗುರುತಿಲ್ಲದವರ ಬೈಕಿಗೆ ತನ್ನ ಸ್ಪಾರ್ಕ್ ಪ್ಲಗ್ ಬಿಚ್ಚಿಕೊಟ್ಟವರುಂಟು. ಬೈಕ್ ಕೆಟ್ಟು ನಿಂತವನನ್ನು ದಾಟಿ ಹೋಗಬಾರದು ಎಂಬ ಈ ಸಂಸ್ಕಾರವನ್ನು ಗುಂಪಿನ ಮಟ್ಟಕ್ಕೆ ಏರಿಸಿದರೆ ಅದೇ ಒಳ್ಳೆಯ ಸಂಘಟನೆ.

ತಿರುವಿನಲ್ಲಿ ನಿಲ್ಲುವ ಕೆಲಸದಿಂದ ನಿಂತವರಿಗೂ ಲಾಭವಿದೆ. ಎರಡು ಗಂಟೆ ಒಂದು ತಿರುವಿನಲ್ಲಿ ನಿಂತು ನೋಡಿದವನಿಗೆ ರಸ್ತೆ ಬೇರೆಯಾಗಿ ಕಾಣುತ್ತದೆ. ರಸ್ತೆ ದಾಟಲಾಗದೆ ಮೂರು ಸಲ ಮುಂದಡಿಯಿಟ್ಟು ಹಿಂದೆ ಸರಿಯುವ ಅಜ್ಜಿ, ಹಾಲಿನ ಕ್ಯಾನು ಕಟ್ಟಿಕೊಂಡು ಎದುರು ಬರುವ ಮೊಪೆಡ್ಡು, ತಿರುವಿನಲ್ಲಿ ಬೈಕ್ ಎಷ್ಟು ತಡವಾಗಿ ಕಣ್ಣಿಗೆ ಬೀಳುತ್ತದೆ ಎಂಬುದು — ಇವು ಹ್ಯಾಂಡಲ್ ಹಿಡಿದವನಿಗೆ ಕಾಣುವುದಿಲ್ಲ. ಹೀಗೆ ನಿಂತವನು ಮರುದಿನ ಆಫೀಸಿಗೆ ಹೋಗುವಾಗ ಅದೇ ತಿರುವಿನಲ್ಲಿ ವೇಗ ಇಳಿಸುತ್ತಾನೆ.

ಆದ್ದರಿಂದ ರೈಡ್ ನಡೆಸುವ ಕ್ಲಬ್ಬುಗಳ ಮುಂದೆ ಮೂರು ಸಲಹೆ ಇಡುತ್ತೇನೆ. ಒಂದು, ಪ್ರತಿ ಸವಾರನೂ ಸರದಿಯಂತೆ ಒಂದು ರೈಡಿನಲ್ಲಿ ಬೈಕ್ ಬಿಟ್ಟು ಸ್ವಯಂಸೇವಕನಾಗಿ ದುಡಿಯಬೇಕು, ಆಮೇಲಷ್ಟೇ ಮುಂದಿನ ಸಹಾಯಾರ್ಥ ರೈಡಿಗೆ ನೋಂದಣಿ. ಎರಡು, ರೈಡ್ ಮುಗಿದ ಮೂವತ್ತು ದಿನದೊಳಗೆ ಬಂದದ್ದು, ಖರ್ಚಾದದ್ದು, ಕೊಟ್ಟದ್ದು ಒಂದೇ ಹಾಳೆಯಲ್ಲಿ ಎಲ್ಲರ ಮುಂದೆ ಬರಬೇಕು. ಮೂರು, ಸ್ವಯಂಸೇವಕರು ಸಾಲುವುದಿಲ್ಲವೆಂದಾದರೆ ಸವಾರರ ಸಂಖ್ಯೆಯನ್ನು ಇಳಿಸಬೇಕು. ನೂರು ಬೈಕಿಗೆ ಸಾಕಾಗುವಷ್ಟು ಕೈಗಳಿಲ್ಲದಿದ್ದರೆ ನಲವತ್ತೇ ಹೊರಡಲಿ.

ಬೈಕ್ ಇಲ್ಲದ, ಬೈಕ್ ಓಡಿಸಲು ಬಾರದ ಓದುಗರಿಗೂ ಈ ಮಾತು ಸಲ್ಲುತ್ತದೆ. ಲೆಕ್ಕ ಬರೆಯಬಲ್ಲ ನಿವೃತ್ತ ಬ್ಯಾಂಕ್ ನೌಕರರು, ಪ್ರಥಮ ಚಿಕಿತ್ಸೆ ಬಲ್ಲ ನರ್ಸುಗಳು, ಊರಿನ ದಾರಿ ಬಲ್ಲ ಆಟೊ ಚಾಲಕರು ಸಂಘಟನೆಗೆ ಬೇಕು. ನಿಮ್ಮ ಊರಿನಲ್ಲಿ ಇಂಥ ರೈಡ್ ನಡೆಯುವುದಿದ್ದರೆ ಹೋಗಿ ಕೇಳಿ: ದಾರಿ ನೋಡಿ ಬಂದವರು ಯಾರು, ಪೊಲೀಸರ ಅನುಮತಿ ಎಲ್ಲಿದೆ, ಹಣ ಯಾವ ಖಾತೆಗೆ ಹೋಗುತ್ತದೆ, ಕಳೆದ ವರ್ಷದ ಲೆಕ್ಕ ಎಲ್ಲಿ? ಉತ್ತರ ಸಿಗದಿದ್ದರೆ ನಿಮ್ಮ ಹೆಸರನ್ನೂ ಹಣವನ್ನೂ ಕೊಡಬೇಡಿ. ಸಿಕ್ಕರೆ ಆ ದಿನದ ಒಂದು ಕೆಲಸವನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಿ, ಅದನ್ನು ಪೂರ್ತಿ ಮಾಡಿ. ರೈಡಿನ ಹೆಸರಿನಲ್ಲಿ ಕೂಡಿದ ಒಂದೊಂದು ರೂಪಾಯಿಗೂ ಅರ್ಹತೆ ಬರುವುದು ಆ ಕೆಲಸದಿಂದ.